ಮೀನಖಂಡ ಅದುರುತ್ತಲೇ ಇದೆ, ಏಳು ವಾರ ಆಯಿತು. ಎಎಲ್‌ಎಸ್ ಭಯ ಬಿಡುತ್ತಿಲ್ಲ

ನಿದ್ದೆಗೆಟ್ಟವ · ಮಂಗಳವಾರ, ರಾತ್ರಿ 1:52

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನನಗೆ 33 ವರ್ಷ. ಊರು ಹಾಸನದ ಕಡೆ, ಕೆಲಸ ಬೆಂಗಳೂರಿನಲ್ಲಿ. ದಿನಾ ಒಂಬತ್ತು ಹತ್ತು ಗಂಟೆ ಕುರ್ಚಿಯಲ್ಲೇ. ಏಳು ವಾರದ ಹಿಂದೆ ಎಡಗಾಲಿನ ಮೀನಖಂಡ ಅದುರಲು ಶುರುವಾಯಿತು. ನೋವಿಲ್ಲ. ಚರ್ಮದ ಒಳಗೆ ಹುಳ ಹರಿದ ಹಾಗೆ, ಪಟ್ ಪಟ್ ಅಂತ. ಕಾಲು ಚಾಚಿ ಕೂತರೆ ಕಣ್ಣಿಗೇ ಕಾಣುತ್ತದೆ. ಮೂರು ದಿನ ತಲೆ ಕೆಡಿಸಿಕೊಳ್ಳಲಿಲ್ಲ. ನಾಲ್ಕನೇ ದಿನ ರಾತ್ರಿ ಗೂಗಲ್ ಮಾಡಿದೆ. ಅಲ್ಲಿಗೆ ಮುಗಿಯಿತು ನನ್ನ ಕಥೆ.

ಎಎಲ್‌ಎಸ್ ಅಂತ ಒಂದು ಕಾಯಿಲೆ. ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುತ್ತವಂತೆ. ಸ್ಟೀಫನ್ ಹಾಕಿಂಗ್‌ಗೆ ಇದ್ದದ್ದು ಅದೇ. ಲಕ್ಷಣಗಳ ಪಟ್ಟಿಯಲ್ಲಿ ಸ್ನಾಯು ಅದುರುವುದು ಅಂತ ಇದೆ. ಅದನ್ನು ಓದಿದ ಮಾರನೇ ದಿನದಿಂದ ಮೈಯೆಲ್ಲ ಅದುರುತ್ತಿದೆ. ಬಲ ತೋಳು, ತೊಡೆ, ಎಡಗಣ್ಣಿನ ರೆಪ್ಪೆ, ಹೆಬ್ಬೆರಳಿನ ಬುಡ.

ಈಗ ನನ್ನ ದಿನಚರಿ ಹೇಗಿದೆ ಗೊತ್ತಾ? ಎದ್ದ ಕೂಡಲೇ ಟೈಲರ್ ಟೇಪಿನಲ್ಲಿ ಎರಡೂ ಮೀನಖಂಡ ಅಳೆಯುತ್ತೇನೆ. ಎಡ 35.5, ಬಲ 36. ಆ ಅರ್ಧ ಸೆಂಟಿಮೀಟರ್ ನನ್ನ ಜೀವ ತಿನ್ನುತ್ತಿದೆ. ಆಮೇಲೆ ಕನ್ನಡಿ ಮುಂದೆ ಮೊಬೈಲ್ ಟಾರ್ಚ್ ಹಾಕಿಕೊಂಡು ನಾಲಿಗೆ ನೋಡುವುದು. ಆಫೀಸಿನಲ್ಲಿ ಯಾರೂ ಇಲ್ಲದಾಗ ಹಿಮ್ಮಡಿ ಮೇಲೆ ನಡೆಯುವುದು, ತುದಿಗಾಲಲ್ಲಿ ನಡೆಯುವುದು, ಮೆಟ್ಟಿಲ ಹತ್ತಿರ ಒಂಟಿ ಕಾಲಲ್ಲಿ 50 ಸಲ ಕುಪ್ಪಳಿಸುವುದು. ಸೆಕ್ಯೂರಿಟಿ ಅಂಕಲ್ ಒಂದು ದಿನ ನೋಡಿಬಿಟ್ಟರು. "ಏನ್ ಸಾರ್, ಕುಂಟೆಬಿಲ್ಲೆನಾ?" ಅಂದರು.

ಮೂರು ವಾರದ ಹಿಂದೆ ನರರೋಗ ತಜ್ಞರ ಹತ್ತಿರ ಹೋಗಿದ್ದೆ. ಸುತ್ತಿಗೆಯಲ್ಲಿ ಮಂಡಿ, ಮೊಣಕೈ ತಟ್ಟಿದರು, ನಡೆಸಿದರು, ನಾಲಿಗೆ ನೋಡಿದರು. "ಏನೂ ಇಲ್ಲ, ಮನೆಗೆ ಹೋಗಿ ನಿದ್ದೆ ಮಾಡಿ" ಅಂದರು. ಇಎಂಜಿ, ಅಂದರೆ ಸ್ನಾಯುವಿಗೆ ಸೂಜಿ ಚುಚ್ಚಿ ನೋಡುವ ಪರೀಕ್ಷೆ, ಮಾಡಿಸಲಾ ಅಂದೆ, ಬೇಡ ಅಂದರು. ಒಟ್ಟು ನಾಲ್ಕು ನಿಮಿಷ. ನಾಲ್ಕು ನಿಮಿಷದಲ್ಲಿ ಹೇಗೆ ಗೊತ್ತಾಗುತ್ತದೆ ಹೇಳಿ?

ಹೆಂಡತಿ ಐದು ತಿಂಗಳ ಬಸುರಿ. ಅವಳಿಗೆ ಏನೂ ಹೇಳಿಲ್ಲ. ಮಗುವಿನ ಮುಖ ನೋಡುತ್ತೇನೋ ಇಲ್ಲವೋ ಅಂತ ರಾತ್ರಿ ಸುಮ್ನೆ ಸೂರು ನೋಡಿಕೊಂಡು ಮಲಗಿರುತ್ತೇನೆ.

ಕಾಫಿಸೀಮೆ · ಮಂಗಳವಾರ, ಬೆಳಗ್ಗೆ 6:20

ಗುರುವೇ, ನನಗೂ ಇದೇ. ಮೂರು ವರ್ಷ ಆಯಿತು. ತೊಡೆ, ಅಂಗಾಲು, ಒಂದ್ಸಲ ಮೂಗಿನ ಹೊಳ್ಳೆ ಕೂಡ. ಇನ್ನೂ ಏಣಿ ಹತ್ತಿ ಮೆಣಸು ಕೊಯ್ಯುತ್ತಿದ್ದೇನೆ. ದಿನಕ್ಕೆ ಎಷ್ಟು ಕಾಫಿ ಕುಡೀತೀರಿ?

ಬಯಲುಸೀಮೆ ಬಸಣ್ಣ · ಮಂಗಳವಾರ, ಬೆಳಗ್ಗೆ 7:05

ಗಂಡಸಿಗೆ ಬಲಗಣ್ಣು ಅದುರಿದರೆ ಶುಭ, ಎಡಗಣ್ಣು ಅದುರಿದರೆ ಕೇಡು ಅಂತ ನಮ್ಮಜ್ಜಿ ಹೇಳೋರು. ನಿಮ್ಮ ಎಡಗಣ್ಣು ಅದುರಿದೆ, ನೀವು ಗೂಗಲ್ ತೆರೆದಿದ್ದೀರಿ. ಅಜ್ಜಿ ಮಾತು ಸುಳ್ಳಾಗಲಿಲ್ಲ.

ತಮಾಷೆಗೆ ಹೇಳಿದೆ ತಮ್ಮಾ. ಧೈರ್ಯವಾಗಿರು.

ಅರ್ಧ ಡಾಕ್ಟ್ರು · ಮಂಗಳವಾರ, ಮಧ್ಯಾಹ್ನ 2:40

ನಾನು ಎಂಡಿ ಓದುತ್ತಿದ್ದೇನೆ, ನರರೋಗ ತಜ್ಞ ಅಲ್ಲ. ನಿಮ್ಮನ್ನು ನಾನು ಪರೀಕ್ಷೆ ಮಾಡಿಲ್ಲ, ಅದನ್ನು ಮನಸ್ಸಲ್ಲಿಟ್ಟುಕೊಂಡು ಓದಿ.

ಆ ನಾಲ್ಕು ನಿಮಿಷದ ಬಗ್ಗೆ ಮೊದಲು ಹೇಳುತ್ತೇನೆ. ನೀವು ಬಾಗಿಲಿಂದ ಕುರ್ಚಿವರೆಗೆ ನಡೆದು ಬಂದಾಗಲೇ ಅವರ ಕೆಲಸ ಶುರುವಾಗಿರುತ್ತದೆ. ಪಾದ ಎಳೆಯುತ್ತಿದೆಯಾ, ಕೂತವರು ಕೈ ಊರದೆ ಎದ್ದರಾ, ಶರ್ಟಿನ ಗುಂಡಿ ಬಿಚ್ಚಲು ಎಷ್ಟು ಹೊತ್ತು ಹಿಡಿಯಿತು, ಮಾತು ತೊದಲುತ್ತಾ. ಒಂದು ಪ್ರಶ್ನೆ ಕೇಳಿರಬೇಕು, ನೆನಪು ಮಾಡಿಕೊಳ್ಳಿ: "ನಡೆಯುವಾಗ ಚಪ್ಪಲಿ ಕಾಲಿಂದ ಜಾರುತ್ತಾ? ಜಾರಿದ್ದು ನಿಮಗೆ ಗೊತ್ತಾಗುತ್ತಾ?" ಇದು ನಮ್ಮ ದೇಶದ ಪ್ರಶ್ನೆ, ಶೂ ಹಾಕುವವರ ದೇಶದಲ್ಲಿ ನಡೆಯಲ್ಲ. ಜಾರಿದ್ದು ಗೊತ್ತಾದರೆ ಪಾದದ ಬಲ ಕಡಿಮೆ ಆಗಿದೆ ಅಂತ ಅನುಮಾನ. ಗೊತ್ತೇ ಆಗದಿದ್ದರೆ ಸ್ಪರ್ಶ ಹೋಗಿದೆ ಅಂತ. ಒಂದೇ ಚಪ್ಪಲಿಯಿಂದ ಎರಡು ದಾರಿ.

ಸುತ್ತಿಗೆ, ನಾಲಿಗೆ, ಅಂಗಾಲು ಗೀರುವುದು, ಇದೆಲ್ಲ ಸೇರಿ ನಾಲ್ಕು ನಿಮಿಷ ಅಭ್ಯಾಸ ಇದ್ದವರಿಗೆ ಧಾರಾಳ ಸಾಕು. ಆದರೆ ಏನು ನೋಡಿದೆ ಅಂತ ನಿಮಗೆ ಬಿಡಿಸಿ ಹೇಳಲಿಲ್ಲ, ಅದು ಅವರ ತಪ್ಪು. ಒಪ್ಪುತ್ತೇನೆ. ನಮ್ಮಲ್ಲಿ ಹೊರಗೆ ಅರವತ್ತು ಜನ ಕಾಯುತ್ತಿರುತ್ತಾರೆ.

ಇನ್ನು ಅದುರುವುದರ ಬಗ್ಗೆ. ಬಲ ಸರಿಯಿದ್ದು, ಪರೀಕ್ಷೆ ಸರಿಯಿದ್ದು, ಬರೀ ಅದುರುವುದಕ್ಕೆ ಬಿನೈನ್ ಫ್ಯಾಸಿಕ್ಯುಲೇಶನ್ ಅನ್ನುತ್ತಾರೆ. ಅಪಾಯವಿಲ್ಲದ ಅದುರು ಅಂತ ಅರ್ಥ. ಅಮೆರಿಕದ ಮೇಯೊ ಕ್ಲಿನಿಕ್‌ನವರು ಇಂಥ 121 ಜನರನ್ನು 2ರಿಂದ 32 ವರ್ಷದವರೆಗೆ ಗಮನಿಸಿ 1993ರಲ್ಲಿ ಬರೆದರು. ಅವರಲ್ಲಿ ಒಬ್ಬರಿಗೂ ಎಎಲ್‌ಎಸ್ ಬರಲಿಲ್ಲ.

ಇನ್ನೂ ಒಂದು ಮಜಾ ಇದೆ. 2013ರಲ್ಲಿ ಸಿಡ್ನಿಯ ಇಬ್ಬರು ನರತಜ್ಞರು ಒಂದು ಲೇಖನ ಬರೆದರು. ಮೈ ಅದುರುತ್ತಿದೆ ಅಂತ ಎಎಲ್‌ಎಸ್ ಭಯದಲ್ಲಿ ತಮ್ಮ ಹತ್ತಿರ ಬಂದ ವೈದ್ಯರ ಬಗ್ಗೆ. ಹೌದು, ವೈದ್ಯರೇ! ಆ ಭಯಕ್ಕೆ "ಫಾಸಿಕ್ಸ್" ಅಂತ ಒಂದು ಹೆಸರನ್ನೂ ಇಟ್ಟರು. ನಾನು ಎಂಬಿಬಿಎಸ್ ಮೂರನೇ ವರ್ಷದಲ್ಲಿ ಹಾಸ್ಟೆಲ್ ಮಂಚದ ಮೇಲೆ ಕೂತು ನನ್ನ ನಾಲಿಗೆಯನ್ನು ರೂಮ್‌ಮೇಟ್‌ಗೆ ತೋರಿಸಿದ್ದೇನೆ. ಅವನು ಅವನದ್ದನ್ನು ನನಗೆ ತೋರಿಸಿದ. ಅಂದ ಹಾಗೆ, ಹೊರಗೆ ಚಾಚಿ ಹಿಡಿದರೆ ಎಲ್ಲರ ನಾಲಿಗೆಯೂ ನಡುಗುತ್ತದೆ. ನೋಡಬೇಕಾದ್ದು ಬಾಯೊಳಗೆ ಸುಮ್ಮನೆ ಮಲಗಿದ್ದಾಗ.

ನರಬಲ ಸಂಜೀವಿನಿ · ಮಂಗಳವಾರ, ಸಂಜೆ 5:15

ನರ ದೌರ್ಬಲ್ಯಕ್ಕೆ 48 ದಿನದಲ್ಲಿ ಶಾಶ್ವತ ಪರಿಹಾರ. ನಮ್ಮ ಪಂಡಿತರ ಪುಡಿ ಹಾಲಿನಲ್ಲಿ. ವಾಟ್ಸಾಪ್ ಮಾಡಿ [ನಂಬರ್ ತೆಗೆಯಲಾಗಿದೆ. ನಿರ್ವಾಹಕ]

ಬಯಲುಸೀಮೆ ಬಸಣ್ಣ · ಮಂಗಳವಾರ, ಸಂಜೆ 5:31

ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಇದ್ದೋರು ಇಲ್ಲಿಗೂ ಬಂದರಾ.

ಗೌರಜ್ಜಿ ಮೊಮ್ಮಗಳು · ಮಂಗಳವಾರ, ರಾತ್ರಿ 9:48

ಬರೆಯಲೋ ಬೇಡವೋ ಅಂತ ಬೆಳಗ್ಗೆಯಿಂದ ಯೋಚನೆ ಮಾಡುತ್ತಿದ್ದೆ. ನಮ್ಮ ಅಪ್ಪನಿಗೆ ಎಎಲ್‌ಎಸ್ ಇತ್ತು. ಇಲ್ಲಿ ಮೋಟಾರ್ ನ್ಯೂರಾನ್ ಕಾಯಿಲೆ ಅಂತಲೇ ಫೈಲಿನಲ್ಲಿ ಬರೆದಿದ್ದರು. ಹೋಗಿ ನಾಲ್ಕು ವರ್ಷ ಆಯಿತು.

ಅದು ಹೇಗೆ ಶುರುವಾಯಿತು ಅಂತ ಹೇಳುತ್ತೇನೆ, ಯಾಕೆಂದರೆ ನೀವು ಊಹಿಸಿಕೊಂಡಿರುವ ಹಾಗೆ ಅಲ್ಲ. ಅಪ್ಪ ಸಾಗರದ ಹತ್ತಿರ ಹೈಸ್ಕೂಲ್ ಹೆಡ್‌ಮಾಸ್ತರು, ರಿಟೈರ್ ಆಗಿ ಮೂರು ವರ್ಷ. ಒಂದು ದಿನ ಹಿಂಬಾಗಿಲ ಬೀಗ ತೆಗೆಯಕ್ಕೆ ಆಗಲಿಲ್ಲ. ಬೀಗಕ್ಕೆ ತುಕ್ಕು ಹಿಡಿದಿದೆ ಅಂತ ಎಣ್ಣೆ ಬಿಟ್ಟರು. ಅಮ್ಮ ಹೋಗಿ ತಿರುಗಿಸಿದರೆ ಸಲೀಸಾಗಿ ತೆರೆಯಿತು. ಅಪ್ಪ ಆ ಬೀಗ ಬಿಸಾಡಿ ಹೊಸದು ತಂದರು. ಹೊಸದೂ ತೆರೆಯಲಿಲ್ಲ.

ಆಮೇಲೆ ಊಟಕ್ಕೆ ಕೂತಾಗ ನಾನು ಗಮನಿಸಿದ್ದು. ಅನ್ನ ಕಲಸುತ್ತಾರೆ, ತುತ್ತು ಕಟ್ಟುತ್ತಾರೆ, ಬಾಯಿಗೆ ತರುವಷ್ಟರಲ್ಲಿ ಬೆರಳ ಸಂದಿಯಿಂದ ಬಿದ್ದುಹೋಗುತ್ತದೆ. ಅವರೇನೂ ಹೇಳಲಿಲ್ಲ. ಮಾರನೇ ವಾರದಿಂದ ಚಮಚ ತಗೊಂಡರು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಮಾಂಸ ಇರುತ್ತದಲ್ಲ, ಅಲ್ಲಿ ಗುಳಿ ಬಿದ್ದಿತ್ತು. ಕತ್ತಿನ ಮೂಳೆ ಸವೆದಿದೆ ಅಂತ ಒಂದು ಕಡೆ ಆರು ತಿಂಗಳು ಎಳೆತ ಕೊಟ್ಟರು, ಎಣ್ಣೆ ತಿಕ್ಕಿದರು. ಎಲ್ಲ ಸೇರಿ ಕಾಯಿಲೆಯ ಹೆಸರು ಗೊತ್ತಾಗುವಷ್ಟರಲ್ಲಿ ಒಂದು ವರ್ಷದ ಮೇಲಾಗಿತ್ತು.

ಅದುರುವುದು? ಅಪ್ಪ ಒಂದು ದಿನವೂ ಅದರ ಬಗ್ಗೆ ಮಾತಾಡಿದವರಲ್ಲ. ಡಾಕ್ಟರು ಬನಿಯನ್ ತೆಗೆಸಿ ಭುಜ ತೋರಿಸಿ "ನೋಡಿ, ಇಲ್ಲಿ" ಅಂದಾಗಲೇ ನಾವೆಲ್ಲ ನೋಡಿದ್ದು. ಅಪ್ಪನೂ ಆಗಲೇ ನೋಡಿದ್ದು. ಅವರಿಗೆ ಚಿಂತೆ ಇದ್ದದ್ದು ಬೀಗದ್ದು.

ನಿಮ್ಮನ್ನು ಬೈಯುತ್ತಿಲ್ಲ. ಅಪ್ಪ ಹೋದ ಮೇಲೆ ನನ್ನ ಹೆಬ್ಬೆರಳು ಅದುರಲು ಶುರುವಾಯಿತು. ಒಂದು ವರ್ಷ ನರಳಿದೆ. ಈ ಕಾಯಿಲೆ ಹತ್ತರಲ್ಲಿ ಒಂಬತ್ತು ಜನಕ್ಕೆ ಮನೆತನದಿಂದ ಬರುವುದಲ್ಲ ಅಂತ ಡಾಕ್ಟರು ಎಷ್ಟು ಸಲ ಹೇಳಿದರೂ ಆ ಹತ್ತನೆಯವಳು ನಾನೇ ಅಂತ ಅನ್ನಿಸುತ್ತಿತ್ತು. ಅಡುಗೆಮನೆಯಲ್ಲಿ ಚಪಾತಿ ಹಿಟ್ಟು ನಾದುವಾಗಲೂ ಬಲ ಪರೀಕ್ಷೆ. ಆದ್ದರಿಂದ ನಿಮ್ಮ ಟೇಪಿನ ಕಥೆ ನನಗೆ ಅರ್ಥವಾಗುತ್ತದೆ.

ಹೆಂಡತಿಗೆ ಹೇಳಿ. ನಾವು ನಾಲ್ಕು ಜನ ಒಂದೇ ಮನೆಯಲ್ಲಿದ್ದು, ಅಪ್ಪ ಚಮಚ ತಗೊಂಡಿದ್ದನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ನಿದ್ದೆಗೆಟ್ಟವ · ಬುಧವಾರ, ರಾತ್ರಿ 2:10

ಅಕ್ಕಾ, ಎರಡು ಸಲ ಓದಿದೆ. ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಇಷ್ಟು ಬರೆದಿದ್ದಕ್ಕೆ ಕೈ ಮುಗಿಯುತ್ತೇನೆ.

ಡಾಕ್ಟ್ರೇ, ಒಂದೇ ಒಂದು ಪ್ರಶ್ನೆ. ಬಲ ಹೋಗುವ ಮುಂಚೆ, ತುಂಬಾ ಮೊದಲ ಹಂತದಲ್ಲಿ, ಬರೀ ಅದುರುವುದರಿಂದಲೇ ಶುರುವಾಗುವ ಸಾಧ್ಯತೆ ಇದೆಯಾ? ಎಷ್ಟು ತಿಂಗಳು ಕಾದರೆ ಗ್ಯಾರಂಟಿ? ಎಡ ಇವತ್ತು 35.4.

ಕಾಫಿಸೀಮೆ · ಬುಧವಾರ, ಬೆಳಗ್ಗೆ 6:02

ಟೇಪು ಸಡಿಲ ಹಿಡಿದರೆ 36 ಬರುತ್ತೆ ಮಾರಾಯ್ರೆ. ಎಡಗಾಲಿಗೂ ಬಲಗಾಲಿಗೂ ಒಂದೇ ಅಳತೆ ಇರುವ ಮನುಷ್ಯನನ್ನು ನಾನಂತೂ ನೋಡಿಲ್ಲ. ಕಾಫಿ ಎಷ್ಟು ಅಂತ ಇನ್ನೂ ಹೇಳಲಿಲ್ಲ.

ಅರ್ಧ ಡಾಕ್ಟ್ರು · ಬುಧವಾರ, ಮಧ್ಯಾಹ್ನ 1:15

ಈ ಪ್ರಶ್ನೆಗೆ ಉತ್ತರ ಕೊಡಲ್ಲ.

ಕೋಪ ಮಾಡ್ಕೋಬೇಡಿ. ನಾನು "ಇಲ್ಲ" ಅಂದರೆ ನಿಮಗೆ ಸಂಜೆವರೆಗೆ ಸಮಾಧಾನ. ರಾತ್ರಿ ಎರಡಕ್ಕೆ "ಆದರೆ ಅವರು ಎಂಡಿ ಓದುತ್ತಿರುವವರು ಅಷ್ಟೇ ಅಲ್ವಾ" ಅನ್ನಿಸುತ್ತದೆ. ಮತ್ತೆ ಕೇಳುತ್ತೀರಿ. ಟೇಪಿನಲ್ಲಿ ಅಳೆಯುವುದೂ ನನ್ನನ್ನು ಕೇಳುವುದೂ ಒಂದೇ ಕೆಲಸ. ತುರಿಕೆ ಕೆರೆದ ಹಾಗೆ. ಕೆರೆದಷ್ಟು ಹೊತ್ತು ಹಿತ, ಆಮೇಲೆ ಇನ್ನೂ ಜಾಸ್ತಿ ತುರಿಕೆ.

ದಿನಾ ಕುಪ್ಪಳಿಸಿದರೆ, ಹಿಮ್ಮಡಿ ಮೇಲೆ ನಡೆದರೆ ಕಾಲು ದಣಿಯುತ್ತದೆ. ದಣಿದ ಸ್ನಾಯು ಜಾಸ್ತಿ ಅದುರುತ್ತದೆ. ಹೆದರಿದವರ ಮೈಯಲ್ಲಿ ಅಡ್ರಿನಲಿನ್ ಜಾಸ್ತಿ, ಅದರಿಂದಲೂ ಅದುರುತ್ತದೆ. ನಿದ್ದೆ ಕೆಟ್ಟರೂ ಅಷ್ಟೇ. ನೀವು ಇಲ್ಲಿ ಬರೆದಿರುವ ಹೊತ್ತು ನೋಡಿಕೊಳ್ಳಿ: 1:52, 2:10.

ಥೈರಾಯ್ಡ್, ಬಿ12, ಕ್ಯಾಲ್ಸಿಯಂ, ಮೆಗ್ನೀಸಿಯಂ ಒಂದು ಸಲ ನೋಡಿಸಿ. ಒಂದು ಸಲ.

ಬೆಟ್ಟದ ಹೂ 92 · ಬುಧವಾರ, ಮಧ್ಯಾಹ್ನ 1:50

ಹೆದರಿ ಕೇಳುತ್ತಿರುವವರಿಗೆ "ಉತ್ತರ ಕೊಡಲ್ಲ" ಅನ್ನುವುದು ಯಾವ ಸೀಮೆ ವೈದ್ಯಕೀಯ? ಒಂದು ಮಾತು ಧೈರ್ಯ ಹೇಳಿದರೆ ಗಂಟು ಹೋಗುತ್ತಾ?

ಗೌರಜ್ಜಿ ಮೊಮ್ಮಗಳು · ಬುಧವಾರ, ಸಂಜೆ 6:30

ನಾನು ಡಾಕ್ಟರ ಪರ. ನಮ್ಮ ಯಜಮಾನರು ನನಗೆ ಒಂದು ವರ್ಷ ದಿನಕ್ಕೆ ಹತ್ತು ಸಲ "ಏನೂ ಆಗಿಲ್ಲ ಕಣೇ" ಅಂದಿದ್ದಾರೆ. ಹತ್ತು ಇಪ್ಪತ್ತಾಯಿತೇ ಹೊರತು ಕಡಿಮೆ ಆಗಲಿಲ್ಲ.

ಹಾವೇರಿ ಹೊಲದವ · ಬುಧವಾರ, ರಾತ್ರಿ 8:05

ಎಲ್ಲ ಅದುರೂ ಸುಮ್ನೆ ಬಿಡೋದಲ್ಲ ರೀ, ಅದನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಹೋದ ವರ್ಷ ಹತ್ತಿಗೆ ಔಷಧಿ ಹೊಡೆದು ಬಂದ ನಮ್ಮ ಆಳು ಕಟ್ಟೆ ಮೇಲೆ ಕೂತಿದ್ದ. ತೋಳು, ಎದೆ ಎಲ್ಲ ಪಟಪಟ ಅದುರುತ್ತಿತ್ತು. ಬೆವರು, ಬಾಯಲ್ಲಿ ಜೊಲ್ಲು, ಕಣ್ಣ ಪಾಪೆ ಸಾಸಿವೆ ಕಾಳಿನಷ್ಟು. ಬಟ್ಟೆ ತೆಗೆಸಿ, ಸೋಪು ಹಾಕಿ ಮೈ ತೊಳೆಸಿ, ಟಾಟಾ ಏಸ್‌ನಲ್ಲೇ ಹಾಕಿಕೊಂಡು ಓಡಿದೆವು. ಅಟ್ರೋಪಿನ್ ಇಂಜೆಕ್ಷನ್ ಕೊಟ್ಟು ಉಳಿಸಿದರು. ಔಷಧಿ ಹೊಡೆದ ದಿನ ಹಿಂಗಾದರೆ ಇಲ್ಲಿ ಬರೆದುಕೊಂಡು ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಆಫೀಸಿನಲ್ಲಿ ಕೂತವರಿಗೆ ಅಲ್ಲ ಇದು. ನಿಮ್ಮ ಕಂಪ್ಯೂಟರಿಗೆ ಯಾರೂ ಔಷಧಿ ಹೊಡೆಯಲ್ಲ.

ಮಂಜಿನೂರು · ಗುರುವಾರ, ಬೆಳಗ್ಗೆ 10:22

ಮಡಿಕೇರಿಯಿಂದ. ನನಗೆ ಬರೀ ಅದುರಲ್ಲ, ನಿಜವಾಗಿಯೂ ಕೈ ಸಣ್ಣಗಾಗಿದೆ. ಆದರೂ ಎಎಲ್‌ಎಸ್ ಅಲ್ಲ. ಈ ಕಥೆಯೂ ಇಲ್ಲಿರಲಿ.

19ನೇ ವಯಸ್ಸಿನಲ್ಲಿ ಚಳಿಗಾಲದ ಬೆಳಗ್ಗೆ ಸ್ಕೂಟರ್ ಕೀ ತಿರುಗಿಸಲು ಬಲಗೈಗೆ ಆಗುತ್ತಿರಲಿಲ್ಲ. ಬಿಸಿಲೇರಿದ ಮೇಲೆ ಸ್ವಲ್ಪ ಸರಿ. ಬೆರಳು ಚಾಚಿದರೆ ನಡುಕ. ಮುಂಗೈ ಒಂದು ಕಡೆ ಸಣಕಲು. ಅಮ್ಮ ತಲಕಾವೇರಿಗೆ ಹರಕೆ ಹೊತ್ತರು. ನಾನು ನಿಮ್ಮ ಹಾಗೇ ಇಂಟರ್ನೆಟ್‌ನಲ್ಲಿ ಓದಿ ಸತ್ತೇಹೋದೆ ಅಂದುಕೊಂಡೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕತ್ತು ಮುಂದಕ್ಕೆ ಬಗ್ಗಿಸಿ ಮಲಗಿಸಿ ಎಂಆರ್‌ಐ ಮಾಡಿದರು. ಹಿರಯಾಮ ಕಾಯಿಲೆ ಅಂದರು. ಜಪಾನಿನ ಹಿರಯಾಮ ಅನ್ನುವವರು 1959ರಲ್ಲಿ ಮೊದಲು ಬರೆದದ್ದಂತೆ. ನಿಮ್ಹಾನ್ಸ್‌ನ ಡಾ. ಗೌರಿದೇವಿ ಮತ್ತು ಜೊತೆಯವರು ಒಂದೇ ಕೈ ಅಥವಾ ಒಂದೇ ಕಾಲು ಸಣ್ಣಗಾಗುವ ಇಂಥ ರೋಗಿಗಳ ಬಗ್ಗೆ 1984ರಲ್ಲೇ ಬರೆದಿದ್ದಾರೆ. ಹೆಚ್ಚಾಗಿ ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹುಡುಗರಿಗೆ ಬರುತ್ತದೆ, ಕೆಲವು ವರ್ಷ ಮುಂದುವರಿದು ನಿಂತುಬಿಡುತ್ತದೆ. ಕತ್ತಿಗೆ ಪಟ್ಟಿ ಕೊಟ್ಟರು. ನನ್ನದು ನಿಂತು ಹನ್ನೊಂದು ವರ್ಷ ಆಯಿತು. ಈಗ ಎಡಗೈಯಲ್ಲಿ ಬರೆಯುತ್ತೇನೆ, ಇದನ್ನೂ ಎಡಗೈಯಲ್ಲೇ ಒತ್ತಿದ್ದು.

ಬಲ ಕಡಿಮೆಯಾದರೆ, ಮಾಂಸ ಕರಗಿದರೆ, ಮಾತು ತೊದಲಿದರೆ, ನುಂಗಲು ಕಷ್ಟವಾದರೆ ಹೋಗಿ ತೋರಿಸಲೇಬೇಕು. ಹೆಸರನ್ನು ಮಾತ್ರ ನೀವೇ ಇಟ್ಟುಕೊಂಡು ಹೋಗಬೇಡಿ.

ನಿದ್ದೆಗೆಟ್ಟವ · ಎರಡು ವಾರದ ನಂತರ, ಭಾನುವಾರ, ಬೆಳಗ್ಗೆ 9:40

ಕಾಣೆಯಾಗಿದ್ದಕ್ಕೆ ಕ್ಷಮೆ ಇರಲಿ. ನಡೆದದ್ದು ನಡೆದ ಹಾಗೆ ಹೇಳುತ್ತೇನೆ.

ಮೊದಲನೆಯದು, ನಿಮ್ಮ ಮಾತು ಕೇಳಲಿಲ್ಲ. ಇನ್ನೊಬ್ಬ ತಜ್ಞರ ಹತ್ತಿರ ಹೋಗಿ ಹಟ ಮಾಡಿ ಇಎಂಜಿ ಮಾಡಿಸಿಕೊಂಡೆ. ತೆಳು ಸೂಜಿ ಸ್ನಾಯುವಿಗೆ ಚುಚ್ಚಿ, ಒಳಗಿನ ವಿದ್ಯುತ್ತನ್ನು ಸ್ಪೀಕರಿನಲ್ಲಿ ಕೇಳಿಸುತ್ತಾರೆ. ಮೀನಖಂಡಕ್ಕೆ ಚುಚ್ಚಿದಾಗ ಚರ್ ಅಂತ ಒಂದು ಸದ್ದು, ಆಮೇಲೆ ನಿಶ್ಶಬ್ದ. "ಪಾದ ಒತ್ತಿ" ಅಂದರು. ಸ್ಟೇಷನ್ ಸಿಗದ ರೇಡಿಯೋ ತರ ಗರಗರ. "ಬಿಡಿ" ಅಂದರು, ಮತ್ತೆ ನಿಶ್ಶಬ್ದ. ಆ ನಿಶ್ಶಬ್ದದ ನಡುವೆ ಒಂದ್ಸಲ 'ಟಪ್' ಅಂತು. ನನ್ನ ಎದೆ ನಿಂತುಹೋಯಿತು. ಡಾಕ್ಟರಮ್ಮ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: "ಇದೇ ನಿಮ್ಮ ಅದುರು. ಪರಿಚಯ ಮಾಡ್ಕೊಳ್ಳಿ. ತಗಡಿನ ಮೇಲೆ ಮಳೆ ಬಿದ್ದ ಹಾಗೆ ಸದ್ದು ಬಂದರೆ ನಾವು ಯೋಚನೆ ಮಾಡೋದು. ಇದು ತೊಟ್ಟಿಕ್ಕೋ ನಲ್ಲಿ." ರಿಪೋರ್ಟ್ ನಾರ್ಮಲ್.

ನಾಲ್ಕು ದಿನ ಸ್ವರ್ಗ. ಐದನೇ ದಿನ ರಾತ್ರಿ "ನಾಲಿಗೆಗೆ ಸೂಜಿ ಹಾಕಲಿಲ್ಲವಲ್ಲ" ಅನ್ನಿಸಿತು. ಆಗ ಡಾಕ್ಟ್ರು ಹೇಳಿದ ತುರಿಕೆ ನೆನಪಾಯಿತು. ನಗು ಬಂತು, ಅಳುವೂ ಬಂತು. ಹೆಂಡತಿ ಎದ್ದಳು. ಎಲ್ಲ ಹೇಳಿದೆ. ಟೇಪು, ಮೊಬೈಲಿನಲ್ಲಿ ಬರೆದಿಟ್ಟ ಅಳತೆ, ಎಲ್ಲ ತೋರಿಸಿದೆ. ಅವಳು ಸುಮಾರು ಹೊತ್ತು ಮಾತಾಡಲಿಲ್ಲ. ನನಗೆ ಬೇರೆ ಯಾರೋ ಇದ್ದಾರೆ, ಅದಕ್ಕೇ ರಾತ್ರಿಯೆಲ್ಲ ಮೊಬೈಲ್ ಅಂತ ಅವಳು ಎರಡು ತಿಂಗಳಿಂದ ಅಂದುಕೊಂಡಿದ್ದಳಂತೆ. "ಎಎಲ್‌ಎಸ್ಸಾ? ಅಷ್ಟೇನಾ?" ಅಂದಳು. ಆಮೇಲೆ ಟೇಪು ಕಿತ್ಕೊಂಡಳು. ಅದು ಅವಳ ಬ್ಲೌಸ್ ಅಳತೆಯ ಟೇಪು, ಮೂರು ವಾರದಿಂದ ಹುಡುಕುತ್ತಿದ್ದಳು.

ಮಾರನೇ ದಿನ ಅವಳೇ 14416ಕ್ಕೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಿದರು. ಅಲ್ಲಿಂದ ಒಬ್ಬ ಮನಶ್ಶಾಸ್ತ್ರಜ್ಞೆ ಹತ್ತಿರ ಹೋಗುತ್ತಿದ್ದೇನೆ. ಎರಡು ಸಲ ಆಯಿತು. ಅಳೆಯಬೇಕು ಅನ್ನಿಸಿದಾಗ ಮೊದಲ ವಾರ ಹದಿನೈದು ನಿಮಿಷ ಮುಂದೂಡು, ಈ ವಾರ ಅರ್ಧ ಗಂಟೆ. ಅಷ್ಟೇ ಮನೆಪಾಠ. ಕೇಳಲು ಸುಲಭ. ನಿನ್ನೆ ಇಪ್ಪತ್ತೆರಡನೇ ನಿಮಿಷಕ್ಕೆ ಸೋತೆ.

ಬಿ12 ಕಡಿಮೆ ಇತ್ತು, 148. ನಮ್ಮದು ಸೊಪ್ಪು ಸಾರಿನ ಮನೆ. ಇಂಜೆಕ್ಷನ್ ಶುರುವಾಗಿದೆ. ಥೈರಾಯ್ಡ್ ಸರಿ ಇದೆ.

ಕಾಫಿಸೀಮೆಯವರೇ, ದಿನಕ್ಕೆ ಆರು ಲೋಟ. ಅದಕ್ಕೇ ಹೇಳಿರಲಿಲ್ಲ.

ಅರ್ಧ ಡಾಕ್ಟ್ರು · ಭಾನುವಾರ, ಬೆಳಗ್ಗೆ 11:05

ಇಪ್ಪತ್ತೆರಡು ನಿಮಿಷ ಸೋಲಲ್ಲ ಬಿಡಿ. ಬಿ12 ಸರಿಯಾದ ಮೇಲೂ ಅದುರು ಉಳಿಯಬಹುದು, ಆಗ "ಬಿ12 ಸರಿಯಾದರೂ ನಿಲ್ಲಲಿಲ್ಲ" ಅಂತ ಹೊಸ ಕಥೆ ಶುರು ಮಾಡ್ಕೋಬೇಡಿ. ಹೆಂಡತಿಗೆ ನನ್ನ ನಮಸ್ಕಾರ ತಿಳಿಸಿ.

ಬೆಟ್ಟದ ಹೂ 92 · ಭಾನುವಾರ, ಬೆಳಗ್ಗೆ 11:40

ಡಾಕ್ಟ್ರೇ, ಅವತ್ತು ಸಿಟ್ಟಲ್ಲಿ ಬರೆದೆ. ವಾಪಸ್ ತಗೊಂಡಿದ್ದೇನೆ. ಅರ್ಧ ವಾಪಸ್.

ಕಾಫಿಸೀಮೆ · ಭಾನುವಾರ, ಮಧ್ಯಾಹ್ನ 12:15

ಆರು ಲೋಟ! ನಾನು ಕಾಫಿ ಬೆಳೆಯುವವನು, ನಾನೇ ಮೂರು ಕುಡಿಯುವುದು. ಒಮ್ಮೆಗೇ ಬಿಡಬೇಡಿ, ತಲೆ ಸಿಡಿಯುತ್ತೆ. ವಾರಕ್ಕೊಂದು ಲೋಟ ಇಳಿಸಿ. ಪುಡಿಗೆ ಚಿಕೋರಿ ಎಷ್ಟು ಹಾಕಿಸ್ತೀರಿ?

ನಿದ್ದೆಗೆಟ್ಟವ · ಭಾನುವಾರ, ಮಧ್ಯಾಹ್ನ 12:31

80-20. ಇದನ್ನು ಬರೆಯುವಾಗಲೂ ಎಡ ಮೀನಖಂಡ ಅದುರುತ್ತಿದೆ.

ಕಾಫಿಸೀಮೆ · ಭಾನುವಾರ, ಮಧ್ಯಾಹ್ನ 12:34

60-40 ಮಾಡಿಸಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ.

ಬಯಲುಸೀಮೆ ಬಸಣ್ಣ · ಭಾನುವಾರ, ಮಧ್ಯಾಹ್ನ 12:50

60-40 ಕುಡಿಯೋದಕ್ಕಿಂತ ಕಾಲು ಅದುರಲಿ ಬಿಡಿ.